ಹೊಲ್ಲೆಂಟಾಲ್ ದಾರಿಯಿಂದ ತ್ಸುಗ್‌ಶ್ಪಿಟ್ಸೆ: ಕಬ್ಬಿಣದ ಹಗ್ಗ ಇದ್ದರೆ ಸಾಕೇ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿನಲ್ಲಿದ್ದಾಗ ಕುಮಾರಪರ್ವತವನ್ನು ಎರಡು ಸಲ ಹತ್ತಿದ್ದೇನೆ, ರಾಮನಗರದ ಬಂಡೆಗಳಲ್ಲಿ ಹಗ್ಗ ಕಟ್ಟಿ ಹತ್ತುವುದನ್ನೂ ಸ್ವಲ್ಪ ಕಲಿತಿದ್ದೇನೆ. ಸೆಪ್ಟೆಂಬರ್ ಕೊನೆಯ ಶನಿವಾರ ಇಬ್ಬರು ಗೆಳೆಯರ ಜೊತೆ ತ್ಸುಗ್‌ಶ್ಪಿಟ್ಸೆ ಶಿಖರವನ್ನು ಹೊಲ್ಲೆಂಟಾಲ್ ಕಡೆಯಿಂದ ಒಂದೇ ದಿನದಲ್ಲಿ ಹತ್ತುವ ಯೋಚನೆಯಿದೆ. ಕಡಿದಾದ ಕಡೆಯೆಲ್ಲ ಕಬ್ಬಿಣದ ಹಗ್ಗ ಹಾಕಿದ್ದಾರಂತೆ. ಹಾಗಿದ್ದರೂ ಗೈಡ್ ಬೇಕೆ? ಬೂಟಿನಡಿ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ನಿಜಕ್ಕೂ ಬೇಕೆ? ಏನೇನು ಒಯ್ಯಬೇಕು?

ಉತ್ತರ: ಮೊದಲು ನೇರ ಉತ್ತರ. ಈ ದಾರಿ ಒಂದು ಹಿಮನದಿಯನ್ನು ದಾಟುತ್ತದೆ, ಆದ್ದರಿಂದ ಕ್ರ್ಯಾಂಪಾನ್ ಬೇಕೇ ಬೇಕು. ನೀವು ಮೂವರಲ್ಲಿ ಯಾರೂ ಇದುವರೆಗೆ ಮಂಜುಗಡ್ಡೆಯ ಮೇಲೆ ನಡೆದಿಲ್ಲವಾದರೆ ಗೈಡ್ ಕೂಡ ಬೇಕು. ಸೆಪ್ಟೆಂಬರ್ ಕೊನೆಯ ವಾರ ಈ ದಾರಿಗೆ ಒಳ್ಳೆಯ ಆಯ್ಕೆಯಲ್ಲ. ಒಂದೇ ದಿನದಲ್ಲಿ ಮುಗಿಸುವುದು ಸಾಧ್ಯ, ಆದರೆ ಮೊದಲ ಸಲಕ್ಕೆ ಬೇಡ. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಕಾರಣ ಗೊತ್ತಿದ್ದರೆ ಬೆಟ್ಟದ ಮೇಲೆ ಪರಿಸ್ಥಿತಿ ಬದಲಾದಾಗ ನೀವೇ ಸರಿಯಾದ ತೀರ್ಮಾನ ತೆಗೆದುಕೊಳ್ಳಬಹುದು.

ತ್ಸುಗ್‌ಶ್ಪಿಟ್ಸೆ 2,962 ಮೀಟರ್ ಎತ್ತರವಿದೆ, ಜರ್ಮನಿಯ ಅತಿ ಎತ್ತರದ ಶಿಖರ. ನೀವು ನಡೆಯಲು ಶುರುಮಾಡುವ ಹಾಮರ್ಸ್‌ಬಾಖ್ ಹಳ್ಳಿ ಸುಮಾರು 760 ಮೀಟರ್‌ನಲ್ಲಿದೆ. ಅಂದರೆ ಏರಬೇಕಾದದ್ದು 2,200 ಮೀಟರ್. ಕುಕ್ಕೆಯಿಂದ ಕುಮಾರಪರ್ವತಕ್ಕೆ ಏರುವುದು ಒಂದೂವರೆ ಸಾವಿರ ಮೀಟರ್‌ಗೆ ಸ್ವಲ್ಪ ಹೆಚ್ಚು, ಅದನ್ನೂ ಬಹುಪಾಲು ಜನ ಭಟ್ಟರ ಮನೆಯಲ್ಲಿ ಊಟ ಮಾಡಿ, ಸುಧಾರಿಸಿಕೊಂಡು ಏರುತ್ತಾರೆ. ಅದರ ಮೇಲೆ ಇನ್ನೂ ಆರೇಳುನೂರು ಮೀಟರ್ ಸೇರಿಸಿ. ಆ ಕೊನೆಯ ಭಾಗ ಕಾಲುದಾರಿಯಲ್ಲ, ಗೋಡೆ. ಕೈಕಾಲು ನಾಲ್ಕೂ ಬಳಸಿ ಏರಬೇಕಾದ ಜಾಗ ಬರುವ ಹೊತ್ತಿಗೆ ನೀವು ಆಗಲೇ ಒಂದು ಕುಮಾರಪರ್ವತ ಮುಗಿಸಿ ದಣಿದಿರುತ್ತೀರಿ. ಈ ದಾರಿಯ ಮುಖ್ಯ ಕಷ್ಟ ಇದೇ. ಕಬ್ಬಿಣದ ಹಗ್ಗದ ಭಾಗ ತಾಂತ್ರಿಕವಾಗಿ ಮಧ್ಯಮ ದರ್ಜೆಯದು. ಕಷ್ಟ ಹೆಚ್ಚುತ್ತಾ ಹೋಗುವ ಎ ಇಂದ ಇ ವರೆಗಿನ ಅಳತೆಯಲ್ಲಿ ಹೆಚ್ಚೆಂದರೆ ಸಿ. ರಾಮನಗರದಲ್ಲಿ ಅಭ್ಯಾಸ ಮಾಡಿದವರಿಗೆ ಒಂದೊಂದು ಹೆಜ್ಜೆಯೂ ಸುಲಭವೆನಿಸುತ್ತದೆ. ದಣಿದ ದೇಹದಲ್ಲಿ, ಬೂಟಿನಡಿ ಒದ್ದೆಯಿರುವಾಗ, ಮುಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುವಾಗ ಅದೇ ಹೆಜ್ಜೆ ಸುಲಭವಲ್ಲ.

ಕಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಕೈಕಾಲು ಕಲಿತದ್ದು ಗ್ರಾನೈಟ್ ಮೇಲೆ. ರಾಮನಗರದ ಬಂಡೆಯಲ್ಲಿ ಹರಳುಗಳ ಒರಟುತನವಿದೆ. ಅಂಗಾಲನ್ನು ಚಪ್ಪಟೆಯಾಗಿ ಒತ್ತಿ, ಮೈಭಾರ ಬಿಟ್ಟರೆ ಶೂ ಕಚ್ಚಿ ನಿಲ್ಲುತ್ತದೆ. ತ್ಸುಗ್‌ಶ್ಪಿಟ್ಸೆ ಸುಣ್ಣದಕಲ್ಲಿನ ಬೆಟ್ಟ. ಸುಮಾರು 23 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಆಳವಿಲ್ಲದ ಸಮುದ್ರದಲ್ಲಿ, ದಿಬ್ಬಗಳಲ್ಲೂ ಅವುಗಳ ಒಳಗಿನ ಕೊಳಗಳಲ್ಲೂ ಪಾಚಿ, ಸ್ಪಂಜು ಮುಂತಾದ ಜೀವಿಗಳ ಸುಣ್ಣ ಶೇಖರವಾಗಿ ಆದದ್ದು. ಈ ಪರ್ವತಸಾಲಿನ ಹೆಸರಿನಿಂದಲೇ ಅದಕ್ಕೆ ವೆಟ್ಟರ್‌ಸ್ಟೈನ್ ಸುಣ್ಣದಕಲ್ಲು ಎಂದು ಹೆಸರು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ನೋಡಿದ್ದೀರಲ್ಲ, ಅದೂ ಸುಣ್ಣದಕಲ್ಲೇ, ವಯಸ್ಸು ಮಾತ್ರ ಇನ್ನೂ ಎಷ್ಟೋ ಹೆಚ್ಚು. ಆ ನೆಲ ಒಣಗಿದ್ದಾಗ ಹಿತ. ಬಚ್ಚಲ ಬಾಗಿಲಲ್ಲಿ ನೀರು ಬಿದ್ದಾಗ ಜಾರಿದವರಿಗೆ ಮರೆಯುವುದಿಲ್ಲ. ಇಲ್ಲಿಯೂ ಹಾಗೆಯೇ. ಒಣ ಸುಣ್ಣದಕಲ್ಲು, ಅದರಲ್ಲೂ ಮಳೆನೀರು ಕೊರೆದು ಅಲಗಿನಂತೆ ಚೂಪಾಗಿಸಿದ ಭಾಗ, ಅದ್ಭುತವಾಗಿ ಹಿಡಿತ ಕೊಡುತ್ತದೆ. ಸಾವಿರಾರು ಬೂಟುಗಳು ತುಳಿದ ಭಾಗ ಹಳೆಯ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿರುತ್ತದೆ, ಅದು ಒದ್ದೆಯಾದರೆ ಅಂಗಾಲು ಚಪ್ಪಟೆ ಒತ್ತುವ ಅಭ್ಯಾಸ ಕೈಕೊಡುತ್ತದೆ. ಇಲ್ಲಿ ಬೂಟಿನ ಮುಂದಿನ ಅಂಚನ್ನು ಮೆಟ್ಟಿಲಿನಂಥ ಚಾಚಿನ ಮೇಲೆ ಇಟ್ಟು, ಹಿಮ್ಮಡಿಯನ್ನು ಸ್ವಲ್ಪ ತಗ್ಗಿಸಿ ನಿಲ್ಲಬೇಕು.

ಸುಣ್ಣದಕಲ್ಲಿನ ಇನ್ನೆರಡು ಸ್ವಭಾವಗಳಿಂದ ನಿಮ್ಮ ಸಿದ್ಧತೆಯೇ ಬದಲಾಗುತ್ತದೆ. ಒಂದು, ಅದು ಬಿರುಕುಗಳ ಬೆಟ್ಟ. ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬೆಳಗಿನ ಬಿಸಿಲಿಗೆ ಕರಗಿ ಕಲ್ಲನ್ನು ಸಡಿಲ ಬಿಡುತ್ತದೆ. ಆದ್ದರಿಂದ ಪ್ರತಿ ಚಾಚಿನ ಮೇಲೂ ಜಲ್ಲಿ ಹರಡಿರುತ್ತದೆ, ಮುಂದಿನವರ ಕಾಲು ತಾಗಿ ಉರುಳುತ್ತದೆ. ಹೆಲ್ಮೆಟ್ ಬೇಕಿರುವುದು ನೀವು ಬೀಳುತ್ತೀರೆಂದಲ್ಲ, ಮೇಲಿನವರು ಕಲ್ಲು ಕೆಡವುತ್ತಾರೆಂದು. ಅದನ್ನು ಹಿಮನದಿಗೆ ಕಾಲಿಡುವ ಮೊದಲೇ ಹಾಕಿಕೊಳ್ಳಿ. ಹಗ್ಗವಿಲ್ಲದ ಕಡೆ ಕಲ್ಲು ಹಿಡಿಯುವ ಮೊದಲು ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದನ್ನು ಬಿಟ್ಟುಬಿಡಿ. ಅನುಮಾನವಿದ್ದ ಕಲ್ಲನ್ನು ಹೊರಗೆ ಎಳೆಯಬಾರದು, ಕೆಳಗೆ ಒತ್ತಬೇಕು. ಕಾಲಿಗೆ ತಾಗಿ ಕಲ್ಲು ಉರುಳಿದರೆ "ಶ್ಟೈನ್" (ಕಲ್ಲು) ಎಂದು ಜೋರಾಗಿ ಕೂಗಿ, ಸಂಕೋಚ ಬೇಡ. ಕೆಳಗಿದ್ದು ಆ ಕೂಗು ಕೇಳಿಸಿಕೊಂಡವರು ತಲೆಯೆತ್ತಿ ನೋಡದೆ ಗೋಡೆಗೆ ಅಂಟಿಕೊಳ್ಳಬೇಕು.

ಎರಡು, ಸುಣ್ಣದಕಲ್ಲು ನೀರನ್ನು ಹಿಡಿದಿಡುವುದಿಲ್ಲ, ಕುಡಿದುಬಿಡುತ್ತದೆ. ಶಿಖರದ ಇನ್ನೊಂದು ಬದಿಯ ವಿಶಾಲ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ, ಹಿಮ ಎಲ್ಲ ನೆಲದೊಳಗೆ ಇಳಿದು, ಎಷ್ಟೋ ಕೆಳಗೆ ರೈನ್‌ಟಾಲ್ ಕಣಿವೆಯಲ್ಲಿ ಪಾರ್ಟ್‌ನಾಖ್ ನದಿಯ ಮೂಲವಾಗಿ ಒಮ್ಮೆಲೇ ಚಿಮ್ಮುತ್ತದೆ. ಪಶ್ಚಿಮ ಘಟ್ಟದಲ್ಲಿ ಎರಡು ತಿರುವಿಗೊಂದು ಝರಿ ಸಿಗುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯದು. ಕಣಿವೆಯ ನಡುವಿನ ಹೊಲ್ಲೆಂಟಾಲಾಂಗರ್ ಹ್ಯುಟ್ಟೆ ಎಂಬ ತಂಗುಮನೆಯಲ್ಲೇ ತಲಾ ಎರಡೂವರೆಯಿಂದ ಮೂರು ಲೀಟರ್ ತುಂಬಿಕೊಳ್ಳಿ. ಅದರಾಚೆ ನೀರಿನ ಲೆಕ್ಕ ಹಾಕಲೇಬೇಡಿ.

ಇನ್ನು ದಾರಿ. ಮ್ಯೂನಿಕ್‌ನಿಂದ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ಅಲ್ಲಿಂದ ಹಲ್ಲುಗಾಲಿಯ ರೈಲು ಹಾಮರ್ಸ್‌ಬಾಖ್‌ನಲ್ಲಿ ನಿಲ್ಲುತ್ತದೆ. ಕಾಡಿನ ದಾರಿಯಲ್ಲಿ ಏರಿದರೆ ಹೊಲ್ಲೆಂಟಾಲ್‌ಕ್ಲಾಮ್ ಎಂಬ ಕಿರಿದಾದ ಕಮರಿ ಸಿಗುತ್ತದೆ. ಸುಮಾರು ಒಂದು ಕಿಲೋಮೀಟರ್ ಉದ್ದದ ಈ ಕಮರಿಯಲ್ಲಿ ಬಂಡೆ ಕೊರೆದ ಸುರಂಗಗಳು, ಸೇತುವೆಗಳು, ಎಲ್ಲೆಲ್ಲೂ ತೊಟ್ಟಿಕ್ಕುವ ನೀರು. ಪ್ರವೇಶ ಶುಲ್ಕವಿದೆ, ಆಲ್ಪೈನ್ ಕ್ಲಬ್ (ಪರ್ವತಾರೋಹಿಗಳ ಸಂಘ) ಸದಸ್ಯರಿಗೆ ರಿಯಾಯಿತಿ. ಮಳೆಕೋಟು ಕೈಗೆ ಸಿಗುವಂತಿರಲಿ, ಇಲ್ಲವಾದರೆ ಬೆಳಗಿನ ಚಳಿಯಲ್ಲೇ ಒದ್ದೆಯಾಗುತ್ತೀರಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಅಥವಾ ಗುಡುಗಿನ ಮುನ್ಸೂಚನೆಯಿದ್ದರೆ ಕಮರಿಗೆ ಕಾಲಿಡಬೇಡಿ. 2021ರ ಆಗಸ್ಟ್ 16ರಂದು ಇದೇ ಕಮರಿಯಲ್ಲಿ ದಿಢೀರನೆ ಬಂದ ಪ್ರವಾಹ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು, ಜೀವಹಾನಿಯೂ ಆಯಿತು. ಕಮರಿ ಮುಚ್ಚಿದ್ದರೆ ಅದರ ಮೇಲಿನಿಂದ ಹಾದುಹೋಗುವ ಶ್ಟಾಂಗನ್‌ಶ್ಟೈಗ್ ಎಂಬ ಬದಲಿ ದಾರಿಯಿದೆ.

ಹಾಮರ್ಸ್‌ಬಾಖ್‌ನಿಂದ ಎರಡು, ಎರಡೂವರೆ ಗಂಟೆಯಲ್ಲಿ ತಂಗುಮನೆ. ಎತ್ತರ 1,387 ಮೀಟರ್. ನಮ್ಮ ಸಲಹೆಯ ತಿರುಳು ಇಲ್ಲಿದೆ: ಹಿಂದಿನ ಸಂಜೆಯೇ ಇಲ್ಲಿಗೆ ಬಂದು ಮಲಗಿ. 600 ಮೀಟರ್ ಏರಿಕೆ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ, ಬೆಳಗ್ಗೆ ಐದೂವರೆಗೆ ಹೊರಟರೆ ಮ್ಯೂನಿಕ್‌ನ ಮೊದಲ ರೈಲು ಹಿಡಿದು ಬಂದವರಿಗಿಂತ ಬಹಳ ಮುಂದಿರುತ್ತೀರಿ. ಜಾಗ ಮೊದಲೇ ಕಾಯ್ದಿರಿಸಬೇಕು; ಬೇಸಿಗೆಯ ಶನಿವಾರಗಳು ವಾರಗಳ ಮೊದಲೇ ತುಂಬಿಹೋಗಿರುತ್ತವೆ. ಒಳಹಾಸಿನ ತೆಳು ಸ್ಲೀಪಿಂಗ್ ಶೀಟ್ ನಿಮ್ಮದೇ ಒಯ್ಯಬೇಕು. ವಾರದ ನಡುವೆ ರಜೆ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಶನಿವಾರ ಮೇಲಿನ ಗೋಡೆಯಲ್ಲಿ ಸಾಲು ನಿಲ್ಲಬೇಕಾಗುತ್ತದೆ. ನಿಂತಷ್ಟು ಹೊತ್ತೂ ಕಲ್ಲು ಬೀಳುವ ಜಾಗದಲ್ಲೇ ಇರುತ್ತೀರಿ.

ತಂಗುಮನೆಯಿಂದ ಕಣಿವೆಯ ತಳದಲ್ಲಿ ಮುಕ್ಕಾಲು ಗಂಟೆಯಷ್ಟು ನಡೆದರೆ ಮೊದಲ ಕಬ್ಬಿಣ: ಲೈಟರ್, ಅಂದರೆ ಏಣಿ. ನೆಟ್ಟಗಿನ ಬಂಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲುಗಳು. ಅದಾದ ತುಸು ಹೊತ್ತಿಗೆ ಬ್ರೆಟ್, ಅಂದರೆ ಹಲಗೆ. ಹೆಸರೇ ಹೇಳುವಂತೆ ಹಲಗೆಯಂಥ ನುಣುಪು ಬಂಡೆ. ಅದಕ್ಕೆ ಅಡ್ಡಲಾಗಿ ಸಾಲಾಗಿ ನೆಟ್ಟ ಕಬ್ಬಿಣದ ಗೂಟಗಳ ಮೇಲೆ ಹೆಜ್ಜೆಯಿಡುತ್ತಾ ದಾಟಬೇಕು, ಪಕ್ಕದಲ್ಲಿ ಕೈಗೆ ಉಕ್ಕಿನ ಕೇಬಲ್. ಬಲದ ಕೆಲಸವೇನೂ ಇಲ್ಲ, ಆದರೆ ಕಾಲಡಿಯಲ್ಲಿ ಖಾಲಿ ಆಳ. ಇದನ್ನು ನಿಮ್ಮ ಪರೀಕ್ಷೆ ಎಂದುಕೊಳ್ಳಿ. ಮೂವರಲ್ಲಿ ಒಬ್ಬರಿಗೆ ಇಲ್ಲಿ ಕಾಲು ನಡುಗಿ ಹೆಜ್ಜೆ ಏಳದಿದ್ದರೆ, ಮೂವರೂ ಅಲ್ಲಿಂದಲೇ ಹಿಂದಿರುಗಬೇಕು. ಮೇಲೆ ಹೋದಂತೆ ಆಳ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಇಲ್ಲಿಂದ ತಂಗುಮನೆ ಇನ್ನೂ ಒಂದು ಗಂಟೆಯ ದೂರದಲ್ಲಿದೆ, ಹಿಂತಿರುಗುವುದು ಸುಲಭ.

ಈ ಭಾಗದಿಂದಲೇ ಫೆರಾಟಾ ಸೆಟ್ ಬೇಕು. ಹಾರ್ನೆಸ್‌ಗೆ, ಅಂದರೆ ಸೊಂಟಕ್ಕೆ ಬಿಗಿಯುವ ಪಟ್ಟಿಗೆ ಕಟ್ಟಿಕೊಂಡು, ಎರಡು ಕೈಪಟ್ಟಿಗಳ ತುದಿಯ ಕ್ಯಾರಬಿನರ್ (ಕೊಕ್ಕೆ) ಕೇಬಲ್‌ಗೆ ಸಿಕ್ಕಿಸುವ ಸಾಧನ ಇದು. ರಾಮನಗರದಲ್ಲಿ ಬಳಸಿದ ಸ್ಲಿಂಗ್ (ಪಟ್ಟಿಯ ಕುಣಿಕೆ) ಮತ್ತು ಎರಡು ಕ್ಯಾರಬಿನರ್ ಸಾಕಲ್ಲವೇ ಎಂದು ಬಂಡೆ ಹತ್ತಿ ಅನುಭವವಿರುವವರೇ ಹೆಚ್ಚಾಗಿ ಕೇಳುತ್ತಾರೆ. ಸಾಲದು, ಅದು ಪ್ರಾಣಕ್ಕೇ ಅಪಾಯ. ಹಗ್ಗ ಕಟ್ಟಿ ಹತ್ತುವಾಗ ಬಿದ್ದರೆ ಉದ್ದದ ಹಗ್ಗ ಹಿಗ್ಗಿ ಪೆಟ್ಟನ್ನು ಹೀರುತ್ತದೆ. ಇಲ್ಲಿ ಉಕ್ಕಿನ ಕೇಬಲ್ ಹಿಗ್ಗುವುದಿಲ್ಲ. ಕೇಬಲನ್ನು ಬಂಡೆಗೆ ಬಿಗಿದ ಎರಡು ಗೂಟಗಳ ನಡುವೆ ನಾಲ್ಕು ಮೀಟರ್ ಅಂತರವಿದೆ ಎನ್ನಿ. ಮೇಲಿನ ಗೂಟದ ಹತ್ತಿರ ಕೈ ಜಾರಿದರೆ ನಿಮ್ಮ ಕ್ಯಾರಬಿನರ್ ಕೇಬಲ್ ಗುಂಟ ಸರ್ರನೆ ಇಳಿದು ಕೆಳಗಿನ ಗೂಟಕ್ಕೆ ಬಡಿಯುತ್ತದೆ. ನಾಲ್ಕು ಮೀಟರ್, ಅದಕ್ಕೆ ಪಟ್ಟಿಯ ಉದ್ದ ಸೇರಿ, ಐದು ಮೀಟರ್ ಬಿದ್ದ ವೇಗವನ್ನು ಒಂದು ಮೀಟರ್ ಪಟ್ಟಿ ಒಂದೇ ಕ್ಷಣದಲ್ಲಿ ತಡೆಯಬೇಕು. ಸಾಮಾನ್ಯ ಸ್ಲಿಂಗ್ ಹರಿಯಬಹುದು, ಹರಿಯದಿದ್ದರೆ ಬೆನ್ನುಮೂಳೆಗೆ ಪೆಟ್ಟು. ಫೆರಾಟಾ ಸೆಟ್‌ನಲ್ಲಿ ಮಡಚಿ ಹೊಲಿದ ಪಟ್ಟಿಯೊಂದು ಸಣ್ಣ ಚೀಲದಲ್ಲಿರುತ್ತದೆ. ಬಿದ್ದಾಗ ಆ ಹೊಲಿಗೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತಾ ವೇಗವನ್ನು ನುಂಗುತ್ತದೆ. ಒಮ್ಮೆ ಬಿಚ್ಚಿಕೊಂಡ ಸೆಟ್ ಕಸಕ್ಕೆ. 2017ರ ಇಎನ್ 958 ಎಂಬ ಯುರೋಪಿನ ಮಾನದಂಡದ ಸೆಟ್‌ಗಳು 40ರಿಂದ 120 ಕಿಲೋ ತೂಕದವರಿಗೆ ಪರೀಕ್ಷೆಯಾಗಿರುತ್ತವೆ. ಬ್ಯಾಗ್ ತೂಕವೂ ಅದರಲ್ಲಿ ಸೇರಿದ್ದು ಎಂಬುದು ನೆನಪಿರಲಿ. ಯಾರದ್ದೋ ಅಟ್ಟದಲ್ಲಿದ್ದ ಹಳೆಯ ಸೆಟ್ ತರಬೇಡಿ. ಗಾರ್ಮಿಷ್‌ನ ಅಂಗಡಿಗಳಲ್ಲಿ ಸೆಟ್, ಹಾರ್ನೆಸ್, ಹೆಲ್ಮೆಟ್, ಕ್ರ್ಯಾಂಪಾನ್ ಎಲ್ಲ ಬಾಡಿಗೆಗೆ ಸಿಗುತ್ತವೆ.

ಬಳಸುವ ಕ್ರಮ: ಎರಡೂ ಕ್ಯಾರಬಿನರ್ ಸದಾ ಕೇಬಲ್ ಮೇಲೆ. ಗೂಟ ಬಂದಾಗ ಒಂದನ್ನು ಬಿಚ್ಚಿ ಆಚೆಗೆ ಹಾಕಿ, ಅದು ಮುಚ್ಚಿಕೊಂಡ ಸದ್ದು ಕೇಳಿದ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಚ್ಚುವ ಕ್ಷಣ ಇರಲೇಬಾರದು. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು, ಏಕೆಂದರೆ ಮೇಲಿನವರು ಜಾರಿದರೆ ಅದೇ ಗೂಟದವರೆಗೆ ಬಂದು ನಿಮ್ಮ ಮೇಲೆ ಬೀಳುತ್ತಾರೆ. ಕೇಬಲ್‌ಗೆ ಹಾಕದ ಕೈಪಟ್ಟಿಯನ್ನು ನೇತಾಡದಿರಲೆಂದು ಹಾರ್ನೆಸ್‌ನ ಗಟ್ಟಿ ಭಾಗಕ್ಕೆ ಸಿಕ್ಕಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಬೀಳುವಾಗ ಭಾರ ಆ ದಾರಿಯಲ್ಲಿ ಹರಿದು, ಹೊಲಿಗೆಯ ಪಟ್ಟಿ ಬಿಚ್ಚಿಕೊಳ್ಳದೆ ಹೋಗಬಹುದು. ದಣಿವಾದಾಗ ನೇತಾಡಿ ವಿಶ್ರಮಿಸಲು ಬೇರೆಯದೇ ಗಿಡ್ಡ ಸ್ಲಿಂಗ್ ಮತ್ತು ಲಾಕ್ ಆಗುವ ಕ್ಯಾರಬಿನರ್ ಇರಲಿ. ಅದಕ್ಕೆ ವಿಶ್ರಾಂತಿ ಬಿಟ್ಟು ಬೇರೆ ಕೆಲಸ ಇಲ್ಲ. ತೋಳಿನಿಂದ ಕೇಬಲ್ ಎಳೆದು ಏರಬೇಡಿ, ಅರ್ಧ ಗಂಟೆಯಲ್ಲಿ ಮುಂಗೈ ಕಲ್ಲಾಗುತ್ತದೆ. ಭಾರ ಕಾಲಿನ ಮೇಲಿರಲಿ, ಕೇಬಲ್ ಬರೀ ಸಮತೋಲಕ್ಕೆ. ಹಳೆಯ ಕೇಬಲ್‌ನ ಹರಿದ ಎಳೆಗಳು ಸೂಜಿಯಂತೆ ಚುಚ್ಚುವುದರಿಂದ ಕೈಗವಸು ಬೇಕು.

ಬ್ರೆಟ್ ದಾಟಿದ ಮೇಲೆ ಹುಲ್ಲಿನ ದಿಬ್ಬ, ಅದರಾಚೆ ಹಿಮನದಿ ತಂದು ಸುರಿದ ಕಲ್ಲುರಾಶಿಯ ಏರು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂಬಂಥ ಬೇಸರದ ದಾರಿ, ಹೇಳುವುದು ಹೆಚ್ಚಿಲ್ಲ. ಅದರ ತುದಿಯಲ್ಲಿ ಹೊಲ್ಲೆಂಟಾಲ್‌ಫೆರ್ನರ್ ಹಿಮನದಿ.

ಈಗ ನಿಮ್ಮ ಕ್ರ್ಯಾಂಪಾನ್ ಪ್ರಶ್ನೆ. ಇದು ಸಣ್ಣ ಹಿಮನದಿ, ದಾಟಲು ಒಂದು ಗಂಟೆ ಸಾಕು. ಜುಲೈ ಮೊದಲ ಭಾಗದಲ್ಲಿ ಇದರ ಮೇಲೆ ಚಳಿಗಾಲದ ಹಿಮ ಇನ್ನೂ ಹೊದ್ದಿಕೊಂಡಿರುತ್ತದೆ, ಮುಂದಿನವರ ಹೆಜ್ಜೆಗುರುತುಗಳು ಮೆಟ್ಟಿಲಿನಂತಿರುತ್ತವೆ. ಆಗ ಬರೀ ಬೂಟಿನಲ್ಲಿ ದಾಟಿದವರ ಫೋಟೋ ನೋಡಿ, ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ಹಾಗೆಯೇ ಹೊರಡುವುದು ಅಪಘಾತದ ಸಿದ್ಧ ದಾರಿ. ಆ ಹೊತ್ತಿಗೆ ಮೇಲಿನ ಹಿಮ ಕರಗಿ ಗಟ್ಟಿ ಮಂಜುಗಡ್ಡೆ ಬಯಲಾಗಿರುತ್ತದೆ, ಮೇಲೆ ಮಣ್ಣು, ಹರಳು. ಮೇಲ್ಭಾಗದಲ್ಲಿ ಅದು ಕಡಿದಾಗುತ್ತದೆ. ಅಲ್ಲಿ ಜಾರಿದರೆ ಕೈಗೆ ಹಿಡಿಯಲು ಏನೂ ಇಲ್ಲ. ಕೆಳಗೆ ಬಿರುಕೋ ಕಲ್ಲುರಾಶಿಯೋ ಸಿಕ್ಕುವವರೆಗೆ ಜಾರುತ್ತಲೇ ಇರಬೇಕು. ಇಲ್ಲಿ ಕಬ್ಬಿಣದ ಹಗ್ಗವಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಪ್ರಶ್ನೆ ನಿಂತಿದ್ದ ನಂಬಿಕೆಯೇ ಈ ಒಂದು ಗಂಟೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಶೂಗೆ ರಬ್ಬರಿನಂತೆ ಎಳೆದು ಹಾಕುವ ಸಣ್ಣ ಮುಳ್ಳಿನ ಸರಪಳಿಗಳು ಊರಿನ ಮಂಜುದಾರಿಗೆ ಸರಿ, ಇಳಿಜಾರಿನ ಮಂಜುಗಡ್ಡೆಗೆ ಅಲ್ಲ. ಅವು ಅಡ್ಡಕ್ಕೆ ತಿರುಗಿ ಕಳಚಿಕೊಳ್ಳುತ್ತವೆ. ಹತ್ತು ಅಥವಾ ಹನ್ನೆರಡು ಮುಳ್ಳಿನ ಹಗುರ ಕ್ರ್ಯಾಂಪಾನ್, ಅದನ್ನು ಹೊರುವಷ್ಟು ಬಿಗಿ ಅಟ್ಟೆಯ ಬೂಟು ಬೇಕು. ಓಟದ ಟ್ರೈಲ್ ಶೂ ಮಡಚಿದರೆ ಕ್ರ್ಯಾಂಪಾನ್ ಕಳಚಿಬೀಳುತ್ತದೆ. ಮನೆಯಲ್ಲೇ ನಿಮ್ಮ ಬೂಟಿಗೆ ಅಳತೆ ಸರಿಪಡಿಸಿ, ಕಣ್ಣುಮುಚ್ಚಿ ಕಟ್ಟುವಷ್ಟು ಅಭ್ಯಾಸ ಮಾಡಿ. ಹಿಮನದಿಯ ಅಂಚಿನ ಸಮತಟ್ಟು ಜಾಗದಲ್ಲಿ ಕೂತು ಹಾಕಿಕೊಳ್ಳಿ; ಸ್ವಲ್ಪ ದೂರ ಹೋಗಿ ನೋಡೋಣ ಎಂದು ಹೊರಟು ನಡು ಇಳಿಜಾರಿನಲ್ಲಿ ಒಂಟಿಕಾಲಲ್ಲಿ ನಿಂತು ಹಾಕಲು ಆಗುವುದಿಲ್ಲ. ನಡೆಯುವಾಗ ಕಾಲುಗಳ ನಡುವೆ ಒಂದು ಅಂಗೈ ಅಗಲ ಬಿಡಿ, ಇಲ್ಲವಾದರೆ ಒಂದು ಕಾಲಿನ ಮುಳ್ಳು ಇನ್ನೊಂದರ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಪಾದದ ಎಲ್ಲ ಮುಳ್ಳುಗಳೂ ಒಟ್ಟಿಗೆ ಊರುವಂತೆ, ಚಪ್ಪಟೆಯಾಗಿ ಇಡಿ. ಗ್ರಾನೈಟ್‌ನಲ್ಲಿ ಕಲಿತ ಹೆಜ್ಜೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಿಮ ಹೊದ್ದ ತಿಂಗಳುಗಳಲ್ಲಿ ಬಿರುಕುಗಳು ಹಿಮದಡಿ ಅಡಗಿರುತ್ತವೆ, ತುಳಿದ ಜಾಡು ಬಿಟ್ಟು ಫೋಟೋಗಾಗಿ ಅತ್ತಿತ್ತ ಹೋಗಬೇಡಿ. ಹಗ್ಗ ಕಟ್ಟಿಕೊಂಡು ನಡೆಯುವ ವಿದ್ಯೆ ಗೊತ್ತಿಲ್ಲದೆ ಮೂವರು ಬರೀ ಹಗ್ಗ ಸುತ್ತಿಕೊಂಡರೆ ಒಬ್ಬರ ಜಾರುವಿಕೆ ಮೂವರನ್ನೂ ಎಳೆಯುತ್ತದೆ. ಗೈಡ್ ಬೇಕು ಎಂದು ಹೇಳಿದ್ದಕ್ಕೆ ಮೊದಲ ಕಾರಣ ಇದು.

ಎರಡನೇ ಕಾರಣ ರಾಂಟ್‌ಕ್ಲುಫ್ಟ್. ಹಿಮನದಿಯ ಮಂಜು ಮತ್ತು ಬಂಡೆ ಸೇರುವ ಅಂಚಿನಲ್ಲಿ ಬಂಡೆಯ ಬಿಸಿಗೆ ಮಂಜು ಕರಗಿ ಕಂದಕ ಬಾಯಿ ತೆರೆಯುತ್ತದೆ. ಜುಲೈನಲ್ಲಿ ಒಂದು ದೊಡ್ಡ ಹೆಜ್ಜೆ ಸಾಕಾಗಬಹುದು. ಬೇಸಿಗೆ ಮುಗಿಯುತ್ತಾ ಬಂದಂತೆ ಅದು ಅಗಲವಾಗಿ, ಆಳವಾಗಿ, ದಾಟುವುದೇ ಇಡೀ ದಾರಿಯ ಅತಿ ಕಷ್ಟದ ಹೆಜ್ಜೆಯಾಗುತ್ತದೆ. ಹಿಮನದಿ ವರ್ಷದಿಂದ ವರ್ಷಕ್ಕೆ ಕುಗ್ಗಿ ತಗ್ಗುತ್ತಿದೆ, ಆದ್ದರಿಂದ ಹಿಂದೆ ಮಂಜಿನ ಮಟ್ಟದಲ್ಲಿದ್ದ ಕಬ್ಬಿಣ ಈಗ ತಲೆಯ ಮೇಲೆ ಉಳಿಯುತ್ತದೆ. ಅದನ್ನು ಕೆಳಕ್ಕೆ ಮತ್ತೆ ಮತ್ತೆ ವಿಸ್ತರಿಸಬೇಕಾಗಿದೆ. ಇದೇ ಬೆಟ್ಟದ ಇನ್ನೊಂದು ಬದಿಯ ದಕ್ಷಿಣ ಶ್ನೇಫೆರ್ನರ್ 2022ರಲ್ಲಿ ಹಿಮನದಿ ಎಂಬ ಸ್ಥಾನವನ್ನೇ ಕಳೆದುಕೊಂಡಿತು. ಕಂದಕದ ಅಂಚಿನಲ್ಲಿ ಕ್ರ್ಯಾಂಪಾನ್ ಬಿಚ್ಚುವ ಆತುರ ಬೇಡ. ಕೇಬಲ್‌ಗೆ ಸಿಕ್ಕಿಸಿಕೊಂಡು, ಬಂಡೆಯ ಮೇಲೆ ಸುಭದ್ರ ಜಾಗ ಸಿಕ್ಕ ಮೇಲೆ ಬಿಚ್ಚಿ. ಅಲ್ಲಿ ಹಿಂದೆ ಜನ ಕಾಯುತ್ತಿರುತ್ತಾರೆ, ಅವರು ಕಾಯಲಿ.

ಈ ಕಂದಕವೇ ನಿಮ್ಮ ಕೊನೆಯ ತೀರ್ಮಾನದ ಜಾಗ. ಆಚೆ ಹೋದ ಮೇಲೆ ಸುಮಾರು ಐನೂರು ಮೀಟರ್ ಎತ್ತರದ ಗೋಡೆ. ಅದನ್ನು ಏರುವುದಕ್ಕಿಂತ ಇಳಿದು, ಮತ್ತೆ ಕಂದಕ ದಾಟಿ, ಮಧ್ಯಾಹ್ನದ ಮೆತ್ತಗಾದ ಹಿಮದಲ್ಲಿ ಹಿಂದಿರುಗುವುದು ಕಷ್ಟ ಮತ್ತು ಅಪಾಯ. ತಂಗುಮನೆಯಿಂದ ಐದೂವರೆಗೆ ಹೊರಟವರು ಎಂಟರ ಸುಮಾರಿಗೆ ಹಿಮನದಿಯ ಅಂಚಿನಲ್ಲಿ, ಒಂಬತ್ತು ಒಂಬತ್ತೂವರೆಗೆ ಕಂದಕದ ಬಳಿ, ಹನ್ನೆರಡರ ಒಳಗೆ ಶಿಖರದಲ್ಲಿ ಇರಬೇಕು. ಕಂದಕದ ಬಳಿ ಹನ್ನೊಂದು ದಾಟಿದ್ದರೆ, ಅಥವಾ ಮೋಡ ಹೂಕೋಸಿನಂತೆ ಮೇಲೇಳುತ್ತಿದ್ದರೆ, ತಿರುಗಿ ನಡೆಯಿರಿ. ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಇಲ್ಲಿ ಸಾಮಾನ್ಯ. ಗೋಡೆಯುದ್ದಕ್ಕೂ ಹಾದುಹೋದ ಉಕ್ಕಿನ ಕೇಬಲ್ ಮಿಂಚಿಗೆ ದೊಡ್ಡ ತಂತಿಯಿದ್ದಂತೆ. ಅದಕ್ಕೇ ನಿಮ್ಮನ್ನು ಕಟ್ಟಿಕೊಂಡಿರುತ್ತೀರಿ, ಬಿಟ್ಟು ಓಡಲು ಜಾಗವಿಲ್ಲ.

ಗೋಡೆಯ ಭಾಗ ಸಮಯಕ್ಕೆ ಸರಿಯಾಗಿ ತಲುಪಿದವರಿಗೆ ಇಡೀ ದಿನದ ಸಂತೋಷ. ಗೂಟ, ಕೇಬಲ್, ನೈಸರ್ಗಿಕ ಮೆಟ್ಟಿಲುಗಳು ಒಂದರ ಹಿಂದೊಂದು ಬರುತ್ತವೆ, ಕೆಳಗೆ ಹಿಮನದಿ ಬಟ್ಟಲಿನಂತೆ ಕಾಣುತ್ತದೆ. ಕೊನೆಯ ಕೇಬಲ್ ನಿಮ್ಮನ್ನು ನೇರವಾಗಿ ಚಿನ್ನದ ಬಣ್ಣದ ಶಿಲುಬೆಯ ಬಳಿಗೇ ತಂದುಬಿಡುತ್ತದೆ. ಕೇಬಲ್ ಕಾರ್‌ನಲ್ಲಿ ಮೇಲೆ ಬಂದು, ಆಚೆ ಬದಿಯ ತಾರಸಿಯಿಂದ ಚಪ್ಪಲಿ ಹಾಕಿಕೊಂಡ ಪ್ರವಾಸಿಗರು ಕೂಡ ಅಲ್ಲಿಗೆ ಬಂದಿರುತ್ತಾರೆ. ಆ ಕೊನೆಯ ಕಿರಿದಾದ ತುಣುಕಿನಲ್ಲಿ, ಎದುರಿನಿಂದ ಬರುವವರನ್ನು ದಾಟುವಾಗ, ಸೆಟ್ ಬಿಚ್ಚಬೇಡಿ.

ಹವಾಮಾನದ ಬಗ್ಗೆ ಮ್ಯೂನಿಕ್‌ನ ಆಕಾಶ ನೋಡಿ ನಿರ್ಧರಿಸಬೇಡಿ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಗೂ ಹೆಚ್ಚು ತಂಪಾಗುತ್ತದೆ. ಹಾಮರ್ಸ್‌ಬಾಖ್‌ನಲ್ಲಿ 18 ಡಿಗ್ರಿ ಇದ್ದರೆ ಮೇಲೆ ನಾಲ್ಕು, ಗಾಳಿ ಸೇರಿದರೆ ಮೈಗೆ ಸೊನ್ನೆಗಿಂತ ಕಡಿಮೆ. ಇಲ್ಲಿ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. 2008ರ ಜುಲೈನಲ್ಲಿ, ನಡು ಬೇಸಿಗೆಯಲ್ಲಿ, ಇದೇ ಬೆಟ್ಟದ ಇನ್ನೊಂದು ಬದಿಯಿಂದ ಶಿಖರಕ್ಕೆ ಓಡುವ ಸ್ಪರ್ಧೆಯಲ್ಲಿ ಹಿಮ, ಗಾಳಿಗೆ ಸಿಕ್ಕಿ ಇಬ್ಬರು ಓಟಗಾರರು ಸತ್ತರು. ಬಹಳ ಜನ ತೆಳು ಓಟದ ಬಟ್ಟೆಯಲ್ಲಿದ್ದರು. ಸೆಪ್ಟೆಂಬರ್ ಕೊನೆ ಬೇಡ ಎಂದಿದ್ದು ಇದಕ್ಕೇ. ಹಗಲು ಆಗ ಹನ್ನೆರಡು ಗಂಟೆಗಿಳಿದಿರುತ್ತದೆ, ಕಂದಕ ಅತಿ ಅಗಲವಾಗಿರುತ್ತದೆ, ಮೇಲೆ ಒಂದು ರಾತ್ರಿಯ ಹೊಸ ಹಿಮ ಬಿದ್ದರೆ ಕೇಬಲ್ ಮಂಜಿನಡಿ ಹೂತು, ನುಣುಪು ಸುಣ್ಣದಕಲ್ಲಿನ ಮೇಲೆ ಗಾಜಿನ ಪದರ ಕಟ್ಟುತ್ತದೆ. ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಒಳ್ಳೆಯ ಕಾಲ. ಜರ್ಮನ್ ಹವಾಮಾನ ಇಲಾಖೆ ಮತ್ತು ಆಲ್ಪೈನ್ ಕ್ಲಬ್‌ನ ಬೆಟ್ಟದ ಮುನ್ಸೂಚನೆಯನ್ನು ಹಿಂದಿನ ಸಂಜೆ ನೋಡಿ.

ಬ್ಯಾಗ್ ಏಳೆಂಟು ಕಿಲೋ ಮೀರದಿರಲಿ. ಹೇಳಿದ ಸಲಕರಣೆಗಳ ಜೊತೆ ಗಾಳಿ-ಮಳೆ ತಡೆಯುವ ಜಾಕೆಟ್, ಒಂದು ಉಣ್ಣೆ ಅಥವಾ ಫ್ಲೀಸ್ ಪದರ, ಟೋಪಿ, ಎರಡನೇ ಜೊತೆ ಕೈಗವಸು, ಹಣೆಗೆ ಕಟ್ಟುವ ಟಾರ್ಚ್, ಹಿಮದ ಬೆಳಕಿಗೆ ಗಾಢ ಕನ್ನಡಕ, ಸನ್‌ಸ್ಕ್ರೀನ್, ಪ್ರಥಮ ಚಿಕಿತ್ಸೆಯ ಪೊಟ್ಟಣ, ತಂಡಕ್ಕೊಂದು ಬಿವ್ಯಾಕ್ ಚೀಲ (ಬಯಲಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಮೈ ಮುಚ್ಚಿಕೊಳ್ಳಲು). ಹತ್ತಿಯ ಟೀಶರ್ಟ್ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಗೋಡೆಯಲ್ಲಿ ನಿಂತೇ ತಿನ್ನಬಹುದಾದ ಆಹಾರ ಜೇಬಿನಲ್ಲಿರಲಿ: ಕಡಲೆಕಾಯಿ ಚಿಕ್ಕಿ, ಖರ್ಜೂರ ಸೊಗಸಾಗಿ ಒದಗುತ್ತವೆ. ಡಬ್ಬಿ ಬಿಚ್ಚಿ ಕಲಸಿ ತಿನ್ನುವಂಥದ್ದು ತಂಗುಮನೆಯಲ್ಲೇ ಮುಗಿಸಿ. ಆಪತ್ತಿನಲ್ಲಿ 112. ಫೋನ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಮರುಸಂಕೇತ ಬಂದರೆ ಕೇಳಿಸಿದೆ ಎಂದರ್ಥ. ಜರ್ಮನ್ ಆಲ್ಪೈನ್ ಕ್ಲಬ್‌ನ ಸದಸ್ಯತ್ವದಲ್ಲಿ ಬೆಟ್ಟದ ರಕ್ಷಣಾ ವೆಚ್ಚದ ವಿಮೆ ಸೇರಿದೆ, ತಂಗುಮನೆಯ ದರವೂ ಇಳಿಯುತ್ತದೆ. ಹೊರಡುವ ಮೊದಲೇ ಸೇರಿಕೊಳ್ಳಿ.

ಇಳಿಯಲು ಐಬ್‌ಜೇ ಕೆರೆಗೆ ಹೋಗುವ ಕೇಬಲ್ ಕಾರ್ ಇದೆ. 2017ರ ಡಿಸೆಂಬರ್‌ನಲ್ಲಿ ಶುರುವಾದ ಇದು 1,945 ಮೀಟರ್ ಎತ್ತರವನ್ನು ಒಂದೇ ಕಂಬದ ಆಸರೆಯಲ್ಲಿ ಇಳಿಯುತ್ತದೆ. ಆ ಕಂಬ 127 ಮೀಟರ್ ಎತ್ತರ. ಕೊನೆಯ ಗಾಡಿ ಸಂಜೆಯಾಗುವ ಮೊದಲೇ ಹೊರಟುಬಿಡುತ್ತದೆ, ಆ ದಿನದ ವೇಳೆಯನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ಜೋರು ಗಾಳಿಗೆ ಅದು ನಿಂತರೆ, ಪ್ರಸ್ಥಭೂಮಿಯಿಂದ ಹಲ್ಲುಗಾಲಿಯ ರೈಲು ಇರುತ್ತದೆ. ಎರಡೂ ತಪ್ಪಿದರೆ ಶಿಖರದ ತಂಗುಮನೆ ಮ್ಯೂನ್ಶ್‌ನರ್ ಹೌಸ್, ಜಾಗ ಇದ್ದರೆ.

ನಿಮಗೆ ನಾವು ಸೂಚಿಸುವ ಕ್ರಮ ಹೀಗಿದೆ. ಈ ಸೆಪ್ಟೆಂಬರ್‌ನಲ್ಲಿ ಹವೆ ಚೆನ್ನಾಗಿದ್ದು ಹಿಮ ಬಿದ್ದಿಲ್ಲವಾದರೆ ರೈನ್‌ಟಾಲ್ ಕಡೆಯಿಂದ ಎರಡು ದಿನದಲ್ಲಿ ತ್ಸುಗ್‌ಶ್ಪಿಟ್ಸೆ ಏರಿ. 1820ರ ಆಗಸ್ಟ್ 27ರಂದು ಭೂಮಾಪನಕ್ಕೆ ಬಂದ ಸೇನಾ ಅಧಿಕಾರಿ ಜೋಸೆಫ್ ನೌಸ್ ಮತ್ತು ಜೊತೆಗಾರರು ದಾಖಲಾದ ಮೊದಲ ಆರೋಹಣ ಮಾಡಿದ್ದು ಆ ಕಡೆಯಿಂದಲೇ. ಸುಮಾರು 21 ಕಿಲೋಮೀಟರ್ ಉದ್ದ, ಏರಿಕೆ ಅಷ್ಟೇ 2,200 ಮೀಟರ್, ಆದರೆ ಹಿಮನದಿಯಿಲ್ಲ. ಕೊನೆಯ ಜಲ್ಲಿ ಇಳಿಜಾರು ಮತ್ತು ಕೇಬಲ್ ಇರುವ ಬಂಡೆ ಮಾತ್ರ ಎಚ್ಚರ ಬೇಡುತ್ತದೆ. ರೈನ್‌ಟಾಲಾಂಗರ್ ಹ್ಯುಟ್ಟೆಯಲ್ಲಿ ಅಥವಾ ಇನ್ನೂ ಮೇಲೆ ಕ್ನೋರ್‌ಹ್ಯುಟ್ಟೆಯಲ್ಲಿ ಮಲಗಿ. ಮುಂದಿನ ಜೂನ್‌ನಲ್ಲಿ ಗಾರ್ಮಿಷ್ ಪಕ್ಕದ ಕ್ರಾಮರ್‌ಶ್ಪಿಟ್ಸ್ ಏರಿ ಕಾಲಿನ ಲೆಕ್ಕ ತೆಗೆಯಿರಿ. ಅಲ್ಲಿ ಸುಮಾರು 1,250 ಮೀಟರ್ ಏರಿಕೆ. ಅದನ್ನು ಬ್ಯಾಗ್ ಹೊತ್ತು ನಾಲ್ಕು ಗಂಟೆಯೊಳಗೆ ಏರಿ, ಮೇಲೆ ಇನ್ನೂ ಉಸಿರು, ಉತ್ಸಾಹ ಉಳಿದಿರಬೇಕು. ಜುಲೈನಲ್ಲಿ 2,628 ಮೀಟರ್‌ನ ಆಲ್ಪ್‌ಶ್ಪಿಟ್ಸೆಯ ಫೆರಾಟಾ: ಇದೇ ಸುಣ್ಣದಕಲ್ಲು, ಸುಲಭ ದರ್ಜೆ, ಆರಂಭದವರೆಗೆ ಕೇಬಲ್ ಕಾರ್. ಸೆಟ್ ಬಳಸುವುದು ಕೈಗೆ ಕೂರುವವರೆಗೆ ಅಲ್ಲಿ ಅಭ್ಯಾಸ ಮಾಡಿ. ಆಗಸ್ಟ್‌ನ ವಾರದ ನಡುವಿನ ಎರಡು ದಿನ, ಪ್ರಮಾಣಪತ್ರವಿರುವ ಗೈಡ್ ಜೊತೆ ಹೊಲ್ಲೆಂಟಾಲ್.

ತಂಗುಮನೆಗೆ ಜಾಗ ಕಾಯ್ದಿರಿಸಿದ್ದರೂ ಹೊರಡುವ ಹಿಂದಿನ ದಿನ ಒಮ್ಮೆ ಫೋನ್ ಮಾಡಿ, "ವೀ ಇಸ್ಟ್ ಡೀ ರಾಂಟ್‌ಕ್ಲುಫ್ಟ್?" ಎಂದು ಕೇಳಿ. ಕಂದಕ ಹೇಗಿದೆ, ಹಿಮನದಿ ಬರಿ ಮಂಜುಗಡ್ಡೆಯೋ ಹಿಮ ಹೊದ್ದಿದೆಯೋ ಎಂಬುದು ಆ ಮನೆ ನಡೆಸುವವರಿಗೆ ದಿನದಿನವೂ ಗೊತ್ತಿರುತ್ತದೆ. ಅವರು ಬೇಡ ಎಂದರೆ ಆ ವಾರ ಬೇರೆ ಬೆಟ್ಟಕ್ಕೆ ಹೋಗಿ.